ಅರ್ಧ ತಂಬಿಗೆ ನೀರು

ನನ್ನ ತವರು ಹರಿಹರ, ಹೊಳೆಯ ದಂಡೆ. ಕೊಟ್ಟದ್ದು ದಾವಣಗೆರೆಯ ಆನೆಕೊಂಡಕ್ಕೆ. ರೈಲು ಹತ್ತಿ ಎಲೆ ಅಡಿಕೆ ಹಾಕಿಕೊಂಡರೆ, ಬಾಯಿ ಕೆಂಪಾಗುವುದರೊಳಗೆ ಇಳಿಯುವ ಊರು ಬರುತ್ತಿತ್ತು. ಆದರೆ ನೀರಿನ ಮಟ್ಟಿಗೆ ನನ್ನನ್ನು ಬೇರೆ ದೇಶಕ್ಕೇ ಕೊಟ್ಟ ಹಾಗಾಗಿತ್ತು.

ಅತ್ತೆ ಮನೆಯ ಹಿತ್ತಲ ಬಾವಿ ಮಳೆಗಾಲದಲ್ಲಿ ಒಳ್ಳೆಯದಾಗಿಯೇ ಇರುತ್ತಿತ್ತು. ಶಿವರಾತ್ರಿ ದಾಟಿತೋ, ನೀರು ತಳ ಹಿಡಿದು ಸವಳಾಗುತ್ತಿತ್ತು. ಆ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂದರೆ ಬೇಯುವುದಿಲ್ಲ. ಕಟ್ಟಿಗೆ ಉರಿದು ಬೂದಿಯಾದರೂ ಬೇಳೆ ಹಟ ಹಿಡಿದು ಕೂತಿರುತ್ತಿತ್ತು. ಮದುವೆಯಾದ ಮೊದಲ ಬೇಸಿಗೆಯಲ್ಲಿ ಅತ್ತೆ ಸಾರಿನ ತಳವನ್ನು ಸೌಟಿನಿಂದ ಕೆದಕಿ ನೋಡಿ, "ಹರಿಹರದಾಗೆ ಬ್ಯಾಳೆ ಹಸಿದೇ ತಿಂತಾರೇನವ್ವ?" ಎಂದರು. ನನ್ನ ಬಾಯಿಯೂ ಸುಮ್ಮನಿರುವ ಪೈಕಿ ಅಲ್ಲ. "ನಮ್ಮ ಹೊಳೆ ನೀರು ತರಿಸಿ ಕೊಡ್ರಿ, ಬೆಣ್ಣೆ ಹಂಗೆ ಬೇಯಿಸಿ ಬಡಿಸ್ತೀನಿ" ಎಂದುಬಿಟ್ಟೆ.

ಆ ಮಾತು ಹೇಗೋ ಅಪ್ಪನ ಕಿವಿಗೆ ಬಿತ್ತು. ಮುಂದಿನ ಸೋಮವಾರ, ಎತ್ತಿಗೆ ನೊಗ ಹೂಡದ ದಿನ, ಅಪ್ಪ ಹೆಗಲ ಮೇಲೆ ಹಿತ್ತಾಳೆ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದ. ಹೊಳೆಯ ಮರಳಲ್ಲಿ ವರತೆ ತೋಡಿ ತುಂಬಿದ ತಿಳಿನೀರು. ತುಳುಕದ ಹಾಗೆ ಕೊಡದ ಬಾಯಿಗೆ ಒದ್ದೆ ಬಟ್ಟೆ ಬಿಗಿದಿದ್ದ. ರೈಲಿನಲ್ಲಿ ಜನ "ಕಾಶಿಗೆ ಹೋಗಿದ್ರೇನ್ರಿ ಯಜಮಾನ್ರೆ?" ಎಂದು ಕಾಡಿದ್ದರಂತೆ. ಆವತ್ತು ಬೇಳೆ ಒಂದೇ ಕುದಿಗೆ ಕರಗಿತು. ಅತ್ತೆ ಉಂಡು ಕೈ ತೊಳೆದು, "ಹೂಂ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಆಮೇಲೆ ಪ್ರತಿ ಬೇಸಿಗೆ, ಮುಂಗಾರು ಬೀಳುವ ತನಕ, ಸೋಮವಾರ ಬಂತೆಂದರೆ ಅಪ್ಪ. ಊರಿಗೆಲ್ಲ ಬೇಸಿಗೆ ಯಾವಾಗ ಮುಗಿದೀತೋ ಎಂದಾದರೆ, ನನಗೆ ಇನ್ನಷ್ಟು ದಿನ ಇರಲಿ ಎಂದು.

ಆದರೆ ಅಪ್ಪನದೊಂದು ಹಳೆಯ ಕಟ್ಟಳೆ. ಮೊಮ್ಮಗು ಹುಟ್ಟುವ ತನಕ ಮಗಳ ಮನೆಯಲ್ಲಿ ಅನ್ನವಿರಲಿ, ನೀರೂ ಮುಟ್ಟಬಾರದು. ಅವರಪ್ಪ ಹಾಗಿದ್ದ, ಇವನೂ ಹಾಗೇ. ನಾನು ಕೊಟ್ಟ ತಂಬಿಗೆಯನ್ನು ಬೆರಳಿನಿಂದ ಮುಟ್ಟಿ ಕೆಳಗಿಡುತ್ತಿದ್ದ. ಬಾಯಾರಿದರೆ ತಾನು ತಂದ ಕೊಡದಿಂದಲೇ ಬೊಗಸೆ ತುಂಬ ಕುಡಿದು, "ಇದು ನಮ್ಮ ಹೊಳೆದು, ದೋಷ ಇಲ್ಲ" ಎನ್ನುತ್ತಿದ್ದ. ನನಗೋ ವರ್ಷಗಳು ಉರುಳಿದರೂ ಮಕ್ಕಳಿಲ್ಲ. ಅಪ್ಪ ನಮ್ಮ ಮನೆಗೆ ಬರುವ ಮುಂಚೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಒಣರೊಟ್ಟಿ ತಿನ್ನುತ್ತಿದ್ದುದನ್ನು ನನ್ನ ಗಂಡ ಒಮ್ಮೆ ನೋಡಿ ಬಂದು ಹೇಳಿದರು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಹೊಗೆಯ ನೆಪ ಇದ್ದೇ ಇತ್ತಲ್ಲ.

ಅರವತ್ತರ ದಶಕದ ಹೊತ್ತಿಗೆ ಮೇಲೆ ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಡ್ಯಾಮಿನ ನೀರು ಕಾಲುವೆ ಹಿಡಿದು ನಮ್ಮ ಸೀಮೆಗೆ ಬಂತು. ಬಿಸಿಲಲ್ಲಿ, ಮೋಡವೇ ಇಲ್ಲದೆ, ಕೆಂಪು ನೀರು ಬರುವುದನ್ನು ನೋಡಲು ಊರೇ ಹೋಗಿ ನಿಂತಿತ್ತು. "ಸರ್ಕಾರದ ನೀರು, ಇವತ್ತು ಐತೆ, ನಾಳೆ ಇಲ್ಲ" ಎಂದು ಅತ್ತೆ ಮೂಗು ಮುರಿದರು. ಆದರೆ ಕಾಲುವೆ ಜಿನುಗಿ ಜಿನುಗಿ, ಒಂದೆರಡು ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ಮೇಲೆ ಬಂತು. ಸವಳೂ ಹೋಯಿತು. ಒಂದು ದಿನ ಅದೇ ನೀರಿನಲ್ಲಿ ಬೇಳೆ ಇಟ್ಟೆ. ಬೆಂದು ಬೆಣ್ಣೆಯಾಯಿತು.

ಎಲ್ಲರಿಗೂ ಸಂತೋಷ. ನನಗೆ ಮಾತ್ರ ಬೇರೆಯೇ ಚಿಂತೆ. ಇನ್ನು ಅಪ್ಪ ಯಾವ ನೆಪ ಹೇಳಿ ಬಂದಾನು? ಉಣ್ಣದ ಮನೆಗೆ ಗಂಡಸು ಸುಮ್ಮಸುಮ್ಮನೆ ಎಷ್ಟು ಸಲ ಬಂದಾನು?

ಆ ಸೋಮವಾರ ಅಪ್ಪ ಬಂದಾಗ ಕೊಡ ಮುಕ್ಕಾಲೂ ತುಂಬಿರಲಿಲ್ಲ. "ಮೇಲೆ ಕಟ್ಟಿ ಕೂಡಿಸಿಕೊಂಡಾರೆ, ನಮ್ಮ ಹೊಳೆ ಸೊರಗೈತೆ. ವರತೆ ಎಷ್ಟು ತೋಡಿದ್ರೂ ಇಷ್ಟೇ ಬಂತು" ಎಂದು ತಪ್ಪು ಮಾಡಿದವನಂತೆ ಹೇಳಿದ. ಅತ್ತೆ ಹಿತ್ತಲಿಗೆ ಹೋಗಿ ಬಾವಿಯಿಂದ ನೀರು ಸೇದಿ, ತಂಬಿಗೆ ತುಂಬಿ ತಂದು ಅಪ್ಪನ ಮುಂದೆ ಹಿಡಿದರು.

"ಕುಡೀರಿ ಬೀಗ್ರೆ."

"ನಿಮಗೆ ಗೊತ್ತೈತಲ್ರಿ, ನಾನು ಮಗಳ ಮನೆ ನೀರು..."

"ಇದು ನಮ್ಮ ನೀರು ಅಂತ ಯಾರು ಹೇಳಿದ್ರು? ನಿಮ್ಮ ಹೊಳೆಗೆ ಬರೋ ನೀರೇ ಡ್ಯಾಮಿನಾಗೆ ನಿಂತು, ಕಾಲುವೆಗೆ ಬಿದ್ದು, ನಮ್ಮ ಬಾವಿಗೆ ಬಂದೈತೆ. ನಿಮ್ಮ ನೀರು ನೀವು ಕುಡಿಯಾಕೆ ಏನ್ರಿ ದೋಷ?"

ಅಪ್ಪನೇನು ಕಡಿಮೆಯೇ! ಗಲ್ಲ ಕೆರೆದುಕೊಂಡು ಯೋಚಿಸಿದ. "ಅಲ್ಲಿಂದ ಬರೋದು ಬರೀ ಭದ್ರೆ. ನಮ್ಮ ಹೊಳೆಯಾಗೆ ತುಂಗೆನೂ ಕೂಡ್ಯಾಳೆ."

"ಅರ್ಧ ನಿಮ್ಮದಾತಲ್ಲ? ಅರ್ಧ ತಂಬಿಗೆ ಕುಡೀರಿ."

ನಾನು ಅಡುಗೆಮನೆ ಬಾಗಿಲ ಹಿಂದೆ ಸೆರಗು ಕಚ್ಚಿ ನಿಂತಿದ್ದೆ. ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ತಂಬಿಗೆ ಎತ್ತಿದ. ಗಟಗಟನೆ ಕುಡಿದ. ಅರ್ಧಕ್ಕೆ ನಿಲ್ಲಿಸಿ, ತಂಬಿಗೆಯೊಳಗೆ ಇಣುಕಿ ನೋಡಿ, ಉಳಿದದ್ದನ್ನೂ ಕುಡಿದುಬಿಟ್ಟ.

"ಆ ನೀರಾಗೆ ಬೆಂದ ಬ್ಯಾಳೆನೂ ಒಳಗೈತೆ, ಏಳ್ರಿ, ಕೈ ತೊಳೀರಿ" ಎಂದರು ಅತ್ತೆ. ಅಷ್ಟು ವರ್ಷ ಮೊಮ್ಮಗುವಿನ ಮಾತೆತ್ತಿ ನನ್ನನ್ನು ಚುಚ್ಚಿದ್ದವರೂ ಅವರೇ. ಆವತ್ತು ಎಲ್ಲವನ್ನೂ ಮರೆತೆ. ಅಪ್ಪ ಎರಡು ಸಲ ಸಾರು ಹಾಕಿಸಿಕೊಂಡು ಉಂಡ, ತಲೆ ಎತ್ತಲೇ ಇಲ್ಲ.

ಮುಂದಿನ ಸೋಮವಾರ ಬರುತ್ತಾನೋ ಇಲ್ಲವೋ ಎಂದು ಬೆಳಗಿನಿಂದ ಬಾಗಿಲು ನೋಡಿದ್ದೇ ನೋಡಿದ್ದು. ರೈಲಿನ ಹೊತ್ತಿಗೆ ಅಪ್ಪ ಬಂದ, ಬರಿಗೈಯಲ್ಲಿ.

"ಕೊಡ ಎಲ್ಲಿ ಬೀಗ್ರೆ?" ಎಂದರು ಅತ್ತೆ.

"ಕೊಡ ಯಾಕ್ರಿ? ಊಟಕ್ಕೆ ಬಂದೀನಿ."

ನಾನು ಒಳಗೆ ಓಡಿ ಒಂದು ಹಿಡಿ ಬೇಳೆ ಹೆಚ್ಚಿಗೆ ಹಾಕಿದೆ.