ಗುಡ್ಡಕ್ಕೆ ನೀರು ಹತ್ತಿಸಿದ ಕಂದಾಯದ ಫಿಂದಾ

ಸೂರ್ಯ ಇನ್ನೂ ಗುಡ್ಡದ ಬೆನ್ನ ಹಿಂದೆಯೇ ಇದ್ದಾನೆ. ಕೆಳಗೆ ಕಡಲು ಬೂದಿಬಣ್ಣಕ್ಕಿದೆ. ಕೋಲಾಟ್ರಿ ಗುಡ್ಡದ ಕಡಿದಾದ ಓಣಿಯಲ್ಲಿ ಫಿಂದಾ ಲೆಬ್ಬಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತುತ್ತಿದ್ದಾರೆ. ರಾತ್ರಿಯ ಮಳೆಗೆ ಕೆಂಪು ಮಣ್ಣು ಬೆಣ್ಣೆಯಂತೆ ಜಾರುತ್ತಿದೆ. ಹೆಗಲ ಮೇಲಿನ ಚೀಲದಲ್ಲಿ ನಗರಸಭೆಯ ಮನೆ ಕಂದಾಯದ ಚೀಟಿಗಳು. ಒಂದು ತಗಡಿನ ಬಾಗಿಲು ತಟ್ಟಿ, ಸರಕ್ಕನೆ ಹಿಂದೆ ಸರಿದು ನಿಲ್ಲುತ್ತಾರೆ.

ಯಾಕೆ ಸರಿಯುತ್ತೀರಿ ಎಂದು ಕೇಳುತ್ತೇನೆ.

"ನೀರು ಎರಚ್ತಿದ್ರಲ್ಲ, ಅದಕ್ಕೆ. ಮೊದಲನೇ ವರ್ಷ ಒಬ್ಬಳು ಮೀನು ತೊಳೆದ ನೀರೇ ಎರಚಿದ್ಲು. ಈಗ ಯಾರೂ ಎರಚಲ್ಲ. ಆದ್ರೆ ಕಾಲಿಗೆ ಅಭ್ಯಾಸ ಹೋಗಿಲ್ಲ ನೋಡಿ."

ಬಾಗಿಲು ತೆರೆಯುತ್ತದೆ. ಎಳೆಯ ಹೆಂಗಸೊಬ್ಬಳು ಎಣ್ಣೆ ಬಸಿಯದ ಎರಡು ಬಿಸಿ ಅಕಾರಾ ವಡೆಗಳನ್ನು ಫಿಂದಾರ ಅಂಗೈಗೆ ಹಾಕುತ್ತಾಳೆ. "ಮೊದಲು ತಿನ್ನು ಆಂಟಿ. ಆಮೇಲೆ ನಿನ್ನ ಕೆಟ್ಟ ಸುದ್ದಿ ಕೊಡು."

ಸಿಯೆರಾ ಲಿಯೋನಿನ ಈ ಕಡಲ ನಗರದಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಇಲ್ಲಿ ಕಂದಾಯದವರನ್ನು ಯಾರಾದರೂ ತಿಂಡಿ ಕೊಟ್ಟು ಮಾತಾಡಿಸುವುದನ್ನು ನೋಡುತ್ತೇನೆ ಎಂದು ನಾನು ಎಣಿಸಿರಲಿಲ್ಲ.

ಫಿಂದಾಗೆ ಈಗ ನಲವತ್ತೇಳು. ತಾಯಿಯ ಜೊತೆ ಸಂತೆಯಲ್ಲಿ ಹೊಗೆಯಾಡಿಸಿದ ಬೊಂಗಾ ಮೀನು ಮಾರುತ್ತಲೇ ಬೆಳೆದವರು. ಪ್ರತಿ ಬೆಳಿಗ್ಗೆ ಸುಂಕದವನು ಬಂದು ಚೀಟಿ ಹರಿದು ಕೊಡುತ್ತಿದ್ದ. "ಅಮ್ಮ ಸಾಯೋವರೆಗೂ ಕೊಟ್ಲು. ಆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಒಂದು ದಿನಾನೂ ಕೇಳ್ಲಿಲ್ಲ. ಕೇಳಬಹುದು ಅನ್ನೋದೇ ನಮಗೆ ಗೊತ್ತಿರ್ಲಿಲ್ಲ," ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಕಂದಾಯದ ಲೆಕ್ಕವೇ ಬದಲಾಯಿತು. ಅಲ್ಲಿಯವರೆಗೆ ಮನೆಯ ನೆಲವನ್ನಷ್ಟೇ ಅಳೆಯುತ್ತಿದ್ದರು. ತಗಡಿನ ಗುಡಿಸಲಿಗೂ ಮಹಡಿ ಮನೆಗೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ. ಹೊಸ ಲೆಕ್ಕದಲ್ಲಿ ಗೋಡೆ ಯಾವುದರದು, ಮಾಡು ಯಾವುದರದು, ಕಾರು ಬರುವ ದಾರಿ ಇದೆಯೇ, ಈಜುಕೊಳ ಇದೆಯೇ ಎಂದೆಲ್ಲ ನೋಡಿದರು. ಬಡವರಿಗೆ ಕಡಿಮೆಯಾಯಿತು, ಉಳ್ಳವರಿಗೆ ಏರಿತು. ಓಣಿಗಳಿಗೆ ಹೆಸರಿಲ್ಲ, ಮನೆಗಳಿಗೆ ವಿಳಾಸವಿಲ್ಲ. ಆದ್ದರಿಂದ ಚೀಟಿ ಹಂಚಲು ಗುಡ್ಡದವರೇ ಬೇಕಾದರು. ಫಿಂದಾ ಮೀನಿನ ಬುಟ್ಟಿ ಇಳಿಸಿ ಈ ಚೀಲ ಏರಿಸಿಕೊಂಡರು.

ಅವರ ಗಂಡ ತಂಬಾ ದರ್ಜಿ. ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ನನಗೆ ಹೇಳುತ್ತಾರೆ: "ಮೀನು ಮಾರ್ತಿದ್ದಾಗ ಬೆಕ್ಕುಗಳಾದ್ರೂ ಪ್ರೀತಿಯಿಂದ ಹಿಂದೆ ಬರ್ತಿದ್ವು. ಈ ಕೆಲಸಕ್ಕೆ ಬರೀ ನಾಯಿ ಬರ್ತಾವೆ."

ಫಿಂದಾ ಲಂಗ ಸ್ವಲ್ಪ ಎತ್ತಿ ಮೀನಖಂಡದ ಮೇಲಿನ ಗಾಯದ ಗುರುತು ತೋರಿಸುತ್ತಾರೆ. "ಇವರಿಗೆ ತಮಾಷೆ. ಹೊಲಿಗೆ ಹಾಕೋಕೆ ಇವರನ್ನೇ ಕರೀಬೇಕಿತ್ತು."

ಆ ಮೊದಲ ವರ್ಷ ಬಾಗಿಲು ತೆರೆದವರೆಲ್ಲ ಕೇಳಿದ್ದು ಒಂದೇ ಮಾತು. "ಡೆಕ್ಕರ್ ಕೊಟ್ರಾ?"

ಪಾ ಹೊರೇಶಿಯೋ ಡೆಕ್ಕರ್ ಹಡಗು ವ್ಯವಹಾರದಲ್ಲಿ ದುಡಿದು ನಿವೃತ್ತರಾದ ಹಿರಿಯರು; ಇಲ್ಲಿ ಹಿರಿಯ ಗಂಡಸರನ್ನು 'ಪಾ' ಎಂದೇ ಕರೆಯುವುದು. ಗುಡ್ಡದ ಬುಡದ ತಿರುವಿನಲ್ಲಿ ಅವರ ಬಿಳಿ ಬಂಗಲೆ, ಎತ್ತರದ ಗೋಡೆ. ಹೊಸ ಲೆಕ್ಕದಲ್ಲಿ ಗುಡ್ಡದ ಮನೆಗಳ ಪೈಕಿ ಅತಿ ದೊಡ್ಡ ಮೊತ್ತ ಬಿದ್ದದ್ದು ಅವರಿಗೆ. ಅವರು ಚೀಟಿಯನ್ನು ಮುಟ್ಟಲೇ ಇಲ್ಲ. ಅವರು ಕೊಡದಿದ್ದರೆ ನಾವ್ಯಾಕೆ ಎಂದು ಗುಡ್ಡವೆಲ್ಲ ಕೈಕಟ್ಟಿ ಕೂತಿತು.

ಫಿಂದಾ ದಿನವೂ ಬೆಳಿಗ್ಗೆ ಬಂಗಲೆಯ ಎದುರಿನ ಮಾವಿನ ಮರದ ಕೆಳಗೆ ಹೋಗಿ ಕೂರತೊಡಗಿದರು. ಕೂಗಲಿಲ್ಲ, ಬೈಯಲಿಲ್ಲ. ಕಾವಲುಗಾರ ಮೊಮೊಗೆ ಮೊದಮೊದಲು ಸಿಟ್ಟು ಬಂತು. ಆಮೇಲೆ ಮರುಕ ಬಂತು. ಕೊನೆಗೆ ಕೂರಲು ಒಂದು ಸ್ಟೂಲನ್ನೇ ತಂದುಕೊಟ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಗೇಟು ತೆರೆಯಿತು. ಊರುಗೋಲು ಹಿಡಿದು ಡೆಕ್ಕರ್ ತಾವೇ ಹೊರಗೆ ಬಂದರು.

"ಏನಮ್ಮಾ ನಿಂದು? ನೀರಿಗೆ ನನ್ನದೇ ಬೋರ್‌ವೆಲ್ ಇದೆ. ಕರೆಂಟಿಗೆ ಜನರೇಟರ್ ಇದೆ. ಕಾವಲಿಗೆ ಇವನಿದ್ದಾನೆ. ನಗರಸಭೆ ನನಗೇನು ಕೊಟ್ಟಿದೆ ಅಂತ ದುಡ್ಡು ಕೇಳೋಕೆ ಬರ್ತೀಯ?"

ಫಿಂದಾ ಎದ್ದು ನಿಂತರು. "ನನಗೆ ಗೊತ್ತಿಲ್ಲ ಪಾ," ಎಂದರು. "ನಿಮಗೇನೂ ಕೊಟ್ಟಿಲ್ಲದೇ ಇರಬಹುದು. ಆದ್ರೆ ಒಂದ್ಸಲ ನನ್ನ ಜೊತೆ ಮೇಲೆ ಬನ್ನಿ. ಬಂದ ಮೇಲೂ ಕೊಡಲ್ಲ ಅಂದ್ರೆ ಈ ಸ್ಟೂಲು ವಾಪಸ್ ಕೊಟ್ಬಿಡ್ತೀನಿ."

"ಹೋಗಬೇಡಿ ಪಾ, ಜಾರುತ್ತೆ," ಎಂದ ಮೊಮೊ. ಆ ಮಾತಿಗೇ ಹಟ ಬಂತೋ ಏನೋ, ಡೆಕ್ಕರ್ ಹೊರಟೇಬಿಟ್ಟರು. ಮೂವತ್ತು ವರ್ಷ ಆ ತಿರುವಿನಲ್ಲಿ ಬಾಳಿದವರು ತಮ್ಮ ಗೋಡೆಯಿಂದ ಮೇಲಕ್ಕೆ ಒಮ್ಮೆಯೂ ಹತ್ತಿರಲಿಲ್ಲ. ತಿರುವಿಗೊಮ್ಮೆ ನಿಂತು ಏದುಸಿರು ಬಿಟ್ಟರು. ಮೊಮೊ ಹಿಂದಿನಿಂದ ಬೆನ್ನಿಗೆ ಕೈಕೊಟ್ಟ. ತಲೆಯ ಮೇಲೆ ನೀರಿನ ಹಳದಿ ಕ್ಯಾನು ಹೊತ್ತ ಹೆಂಗಸರು, ಹುಡುಗಿಯರು ಅವರಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತರು.

ತುದಿಯಲ್ಲಿ ಯೇಬು ಎಂಬ ವಿಧವೆಯ ಮನೆ. ಅಲ್ಲೊಂದು ಕಲ್ಲಿನ ಮೇಲೆ ಕೂತು ಡೆಕ್ಕರ್ ಕೆಳಗೆ ನೋಡಿದರು. ಕಡಲು, ಮೀನುದೋಣಿಗಳು, ಸಾವಿರ ತಗಡಿನ ಮಾಡುಗಳು. ಅವುಗಳ ನಡುವೆ ನೀಲಿ ಬಳಪದ ಚೂರಿನಂತೆ ಏನೋ ಹೊಳೆಯುತ್ತಿತ್ತು.

"ಅದು ನನ್ನ ಈಜುಕೊಳ ಅಲ್ವಾ?"

"ಹೌದು ಪಾ," ಎಂದಳು ಯೇಬು, ಕ್ಯಾನು ಇಳಿಸುತ್ತ. ಅವಳ ದನಿಯಲ್ಲಿ ಕೊಂಕಿರಲಿಲ್ಲ. "ಚೆನ್ನಾಗಿ ಕಾಣುತ್ತೆ. ನೀರು ಹೊತ್ಕೊಂಡು ಬಂದು ಇಲ್ಲಿ ಸುಧಾರಿಸ್ಕೋವಾಗ ದಿನಾ ಅದನ್ನೇ ನೋಡ್ತೀವಿ."

ಯೇಬು ಒಂದು ಲೋಟ ನೀರು ಕೊಟ್ಟಳು. ಡೆಕ್ಕರ್ ಅರ್ಧ ಕುಡಿದು, ಉಳಿದರ್ಧವನ್ನು ಚೆಲ್ಲಲು ಮನಸ್ಸಾಗದೆ ಅವಳ ಬಿಂದಿಗೆಗೇ ಸುರಿಯಲು ಹೋದರಂತೆ. ಯೇಬು ನಕ್ಕು ಲೋಟ ಇಸಿದುಕೊಂಡಳು.

ಮುಂದಿನ ವಾರ ಮೊಮೊ ಕಾವಲು ಬಿಟ್ಟು ಗುಡ್ಡ ಹತ್ತಿ ಓಡಿಬಂದ. "ಕೊಟ್ರು! ಬ್ಯಾಂಕಿಗೆ ನಾನೇ ಜೊತೆಗೆ ಹೋಗಿದ್ದೆ! ಪೂರ್ತಿ ಕೊಟ್ರು!"

ಆಮೇಲಿನದನ್ನು ನಾನೇ ಕಣ್ಣಾರೆ ಕಂಡೆ. ಬ್ಯಾಂಕಿನ ಮುಂದೆ ಕೋಲಾಟ್ರಿಯ ಜನರ ಸಾಲು ರಸ್ತೆಗೆ ಇಳಿದಿತ್ತು. ಬಟ್ಟೆಯ ಗಂಟಿನಲ್ಲಿ, ಟೊಮೇಟೊ ಡಬ್ಬಿಯಲ್ಲಿ ಸುಕ್ಕಾದ ಲಿಯೋನ್ ನೋಟುಗಳು. ಕಂದಾಯದ ಒಂದು ಪಾಲು ಗುಡ್ಡಕ್ಕೇ ವಾಪಸ್ಸು ಬರುವುದೆಂದೂ ಅದನ್ನು ಏನಕ್ಕೆ ಬಳಸಬೇಕೆಂದು ಗುಡ್ಡದವರೇ ಹೇಳಬೇಕೆಂದೂ ನಗರಸಭೆ ತೀರ್ಮಾನಿಸಿತು. ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಮೇಲಿನವರಿಗೆ ನೀರು ಬೇಕು, ಕೆಳಗಿನವರಿಗೆ ಮೋರಿ ಬೇಕು. ಮಾತಿಗೆ ಮಾತು ಬೆಳೆದು ಕೊನೆಗೆ ಕೈ ಎತ್ತಿಸಿದರು.

ಫಿಂದಾ ಇರುವುದು ಕೆಳಗೆ. ದೊಡ್ಡ ಮಳೆ ಬಂದರೆ ಅವರ ಮಂಚದ ಕಾಲು ಮುಳುಗುತ್ತದೆ. "ನಾನು ಮೋರಿಗೇ ಕೈ ಎತ್ತಿದೆ. ಸುಳ್ಳು ಯಾಕೆ ಹೇಳ್ಲಿ? ಸೋತೆ," ಎಂದು ಅವರು ನಗುತ್ತಾರೆ. ಸೋತ ಮರುದಿನ ಬೆಳಿಗ್ಗೆ ಅವರು ಮತ್ತೆ ಮೇಲೆ ಹತ್ತಿದರು. ಪೈಪು ಹೂಳಲು ಯಾರ ಅಂಗಳ ಅಗೆಯಬೇಕು, ಯಾರನ್ನು ಒಪ್ಪಿಸಬೇಕು ಎಂದು ಮನೆಮನೆ ತಿರುಗಿದರು.

ನೀರು ಬಿಟ್ಟ ದಿನ ಗುಡ್ಡದ ತುದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಳಗೆ ಪಂಪು ಗುಡುಗಿತು. ಜನರೆಲ್ಲ ಕಿವಿಗೊಟ್ಟರು. ನೆಲದಡಿಯ ಪೈಪಿನೊಳಗೆ ಯಾವುದೋ ಪ್ರಾಣಿ ಹತ್ತಿ ಬರುತ್ತಿದೆಯೇನೋ ಎಂಬಂತೆ ಸದ್ದು ಹತ್ತಿರವಾಯಿತು. ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ಕೆಂಪಗೆ ಸ್ವಲ್ಪ ಕಾರಿತು. ಆಮೇಲೆ ನೀರು ಬಂತು. ಯೇಬು ಬೊಗಸೆ ಒಡ್ಡಿ, ತುಂಬಿ ಚೆಲ್ಲುವವರೆಗೂ ಹಾಗೇ ನಿಂತಳು. ಕಡಲ ಮಟ್ಟದಿಂದ ಮುಗಿಲ ಮಟ್ಟಕ್ಕೆ ನೀರನ್ನು ತಳ್ಳಿದ್ದು ಪಂಪು ಎಂದು ನನಗೂ ಗೊತ್ತು. ಆದರೆ ಆ ಟೊಮೇಟೊ ಡಬ್ಬಿಗಳನ್ನು ನೋಡಿದವನಿಗೆ ಪಂಪು ಮಾತ್ರ ಎಂದು ಹೇಳಲು ಮನಸ್ಸು ಬರಲಿಲ್ಲ.

ಇಂದಿನ ಹಂಚಿಕೆ ಮುಗಿಯುತ್ತಾ ಬಂದಿದೆ. ತಂಬಾರ ಅಂಗಡಿಗೂ ಒಂದು ಚೀಟಿ ಇದೆ. "ಕಟ್ಟಿಕೊಂಡ ಗಂಡನಿಗೂ ರಿಯಾಯಿತಿ ಇಲ್ವಾ?" ಎನ್ನುತ್ತಾರೆ ಅವರು. "ಗಂಡ ಅಂತಾನೇ ಮನೆಬಾಗಿಲಿಗೆ ತಂದುಕೊಟ್ಟಿದ್ದೀನಿ," ಎಂದು ಫಿಂದಾ ಚೀಟಿಯನ್ನು ಯಂತ್ರದ ಸೂಜಿಯಡಿ ಇಟ್ಟು ಹೊರಡುತ್ತಾರೆ.

ಓಣಿಯ ಮೇಲಿನಿಂದ ಒಬ್ಬ ಮುದುಕಿ ಗಟ್ಟಿಯಾಗಿ ಕೂಗುತ್ತಾಳೆ. "ಏಯ್ ಫಿಂದಾ! ನಿನ್ನೆ ಸಂಜೆಯಿಂದ ನಲ್ಲೀಲಿ ಹನಿ ಇಲ್ಲ! ದುಡ್ಡು ಇಸ್ಕೊಂಡು ನಿದ್ದೆ ಹೊಡೀತಿದ್ದೀರಾ ನೀವೆಲ್ಲ?"

"ಇವತ್ತೇ ಹೇಳ್ತೀನಿ ಅಜ್ಜಿ, ಮಧ್ಯಾಹ್ನದೊಳಗೆ!"

"ಹೇಳೋದಲ್ಲ, ಕರ್ಕೊಂಡ್ ಬಾ!"

ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ. ಫಿಂದಾ ಬೆವರು ಒರೆಸಿಕೊಂಡು ಮುದುಕಿಯ ಕಡೆಗೆ ಒಮ್ಮೆ ನೋಡುತ್ತಾರೆ. ಅವರ ಮುಖ ಅರಳಿದೆ.

"ಬೈಯ್ಲಿ ಬಿಡಿ. ಎಷ್ಟು ಜೋರಾಗಿ ಕೇಳ್ತಾಳೆ ನೋಡಿ, ಅವಳದೇ ನಲ್ಲಿ ಅನ್ನೋ ಹಾಗೆ. ಅವಳದೇ ತಾನೇ."