ಸಂಜೆಯ ಬೂತಾಯಿ, ಮದುವೆಯ ಮಲ್ಲಿಗೆ

ಅಪ್ಪನಿಗೆ ಮಂಗಳೂರಿಗೆ ವರ್ಗವಾದಾಗ ನಾನು ದಾವಣಗೆರೆಯಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿದ್ದೆ. ಅಲ್ಲಿ ಮೇಷ್ಟ್ರು ನೋಟ್ಸ್ ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ಅವರು ಕೆಮ್ಮಿದರೆ ಅದನ್ನೂ ಬರೆದುಕೊಳ್ಳುವಷ್ಟು ಶ್ರದ್ಧೆ. ಇಲ್ಲಿನ ಕಾಲೇಜು ನನ್ನನ್ನು ಎರಡನೇ ವರ್ಷಕ್ಕೆ ಸೇರಿಸಿಕೊಂಡರೂ ಒಂದು ಕೊಕ್ಕೆ ಇಟ್ಟಿತು. ಟರ್ಮಿನ ಕೊನೆಗೆ ಅರ್ಥಶಾಸ್ತ್ರದ ಸರ್ ಮೌಖಿಕ ಪರೀಕ್ಷೆ ಮಾಡಿ ಒಪ್ಪಬೇಕು, ಇಲ್ಲವಾದರೆ ಮತ್ತೆ ಮೊದಲ ವರ್ಷ.

"ಮತ್ತೆ ಅದನ್ನೇ ಓದಿಸೋದಾದ್ರೆ ಮದುವೆ ಮಾಡಿ ಕಳಿಸಿಬಿಡ್ತೀನಿ" ಎಂದರು ಅಪ್ಪ. ಹುಡುಗನ ಫೋಟೊ ಆಗಲೇ ಮನೆಗೆ ಬಂದಿತ್ತು. ಮೀಸೆಯೊಂದು ಬಿಟ್ಟರೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಸರ್ ಕೊಂಕಣಿ ಮನೆಮಾತಿನವರು. ನೋಟ್ಸ್ ಕೊಡುವ ಅಭ್ಯಾಸವೇ ಇಲ್ಲ. ಪಾಠ ಶುರುವಾಗುತ್ತಿದ್ದುದು ಅವರ ಮನೆಯ ಊಟದಿಂದ.

"ಬೆಲೆ ಇಳಿದ್ರೆ ಬೇಡಿಕೆ ಏರ್ತದೆ ಅಂತ ಪುಸ್ತಕದಲ್ಲಿ ಉಂಟು. ಸಂಜೆ ಬೂತಾಯಿ ಮೀನು ಅಗ್ಗ. ಆದ್ರೂ ನನ್ನ ಹೆಂಡತಿ ಬೆಳಿಗ್ಗೆಯೇ ತರ್ತಾಳೆ. ಎಂತಕ್ಕೆ?" ಎಂದು ನನ್ನತ್ತ ನೋಡಿದರು.

"ನಾವು ಮೀನು ತಿನ್ನಲ್ಲ ಸರ್."

"ತಿನ್ಲಿಕ್ಕೆ ಹೇಳಿದ್ದಲ್ಲ ಮಾರಾಯ್ತಿ, ಆಲೋಚನೆ ಮಾಡ್ಲಿಕ್ಕೆ ಹೇಳಿದ್ದು."

ಕ್ಲಾಸೆಲ್ಲ ನಕ್ಕಿತು. ನನಗೆ ಮೈ ಉರಿಯಿತು. ಪಕ್ಕದಲ್ಲಿದ್ದ, ಮೀನುಗಾರರ ಊರು ಬೆಂಗ್ರೆಯ ಹುಡುಗಿ ಎದ್ದು, ಸಂಜೆಯದ್ದು ಬೆಳಗಿನ ಮೀನೇ ಅಲ್ಲ, ಅಷ್ಟೊತ್ತಿಗೆ ನಾರುತ್ತದೆ, ಮಾಲೇ ಬೇರೆಯಾದ ಮೇಲೆ ಬೆಲೆ ಹೋಲಿಸುವುದು ಹೇಗೆ ಎಂದಳು. ಆಹಾ, ಆಲೋಚನೆ ಎಂದರೆ ಇದು ಎಂದುಕೊಂಡೆ. ಮನೆಗೆ ಹೋಗಿ ಅದನ್ನು ಉರು ಹೊಡೆದೆ.

ಪರೀಕ್ಷೆಯ ದಿನ ಸರ್ ಮೀನಿನ ಸುದ್ದಿಯನ್ನೇ ಎತ್ತಲಿಲ್ಲ. "ಮದುವೆ ಸೀಸನಿನಲ್ಲಿ ಮಲ್ಲಿಗೆಗೆ ಬೆಂಕಿಯಂಥ ಬೆಲೆ. ಆದ್ರೂ ಜನ ಮುಗಿಬಿದ್ದು ತಕ್ಕೊಳ್ತಾರೆ. ಎಂತಕ್ಕೆ?"

"ಸಂಜೆ ಹೊತ್ತಿಗೆ ನಾರುತ್ತೆ ಸರ್" ಎಂದುಬಿಟ್ಟೆ.

ಸರ್ ಕನ್ನಡಕ ತೆಗೆದರು. "ಮಲ್ಲಿಗೆಯಾ?"

ನನ್ನ ಸರಕು ಅಲ್ಲಿಗೆ ಮುಗಿದಿತ್ತು. ಕಣ್ಣೆದುರು ಆ ಮೀಸೆ ಬಂತು. ನಿಜಕ್ಕೂ ಹೆದರಿದೆ.

"ಮದುವೆ ದಿನ ಗೊತ್ತಾದ ಮೇಲೆ ಅಗ್ಗ ಆಗ್ಲಿ ಅಂತ ಯಾರೂ ಕಾಯಲ್ಲ ಸರ್. ನೀವು ನನ್ನ ಫೇಲ್ ಮಾಡಿದ್ರೆ ನನ್ನ ಮದುವೆಗೆ ನಮ್ಮಪ್ಪನೂ ಕೇಳಿದಷ್ಟು ಕೊಟ್ಟು ಮಲ್ಲಿಗೆ ತರ್ತಾರೆ."

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಯಾವ ಪುಸ್ತಕದಲ್ಲಿ ಉಂಟು?"

"ಯಾವುದರಲ್ಲೂ ಇಲ್ಲ ಸರ್."

"ಹಾಗಾದ್ರೆ ಎರಡನೇ ವರ್ಷದಲ್ಲೇ ಕೂತ್ಕೊ."

ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದವಳೇ ಅಪ್ಪನ ಎದುರು ನಿಂತೆ. "ನಾನು ಪಾಸು. ಮದುವೆ ದಿನ ಇನ್ನೂ ಗೊತ್ತಾಗಿಲ್ಲ, ನನಗೂ ಅವಸರ ಇಲ್ಲ. ನಿಮಗ್ಯಾಕೆ ಅವಸರ?"

ಅಪ್ಪ ಓದುತ್ತಿದ್ದ ಪೇಪರ್ ಮಡಚಿಟ್ಟರು. "ಇದನ್ನೆಲ್ಲ ಕಾಲೇಜ್ನಾಗೆ ಕಲಿಸ್ತಾರೇನು?"

"ಇಲ್ಲಿ ಕಲಿಸ್ತಾರೆ" ಎಂದೆ.