ಸುಂದರಿ ಹೊಂದಿಸಿದ ಬಳೆಗಳು

ಸುಂದರಿಯ ವಿಷಯ ಯಾರಾದರೂ ಎತ್ತಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಅವಳ ಮೇಲಿನ ಸಿಟ್ಟಲ್ಲ, ಅವಳನ್ನು ಅಡುಗೆಮನೆಗೆ ಅಟ್ಟಿದವರ ಮೇಲಿನ ಸಿಟ್ಟು.

ಬಂಗಾಳಿಗಳ ಈ ದೊಡ್ಡ ಪಟ್ಟಣದಲ್ಲಿ, ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ಮೇಲಿನ ಮನೆ, ಸುಂದರಿಯವರದು ಕೆಳಗಿನದು. ಉಡುಪಿ ಕಡೆಯ ಹರಿದಾಸರು ಅಲ್ಲೇ ಹೋಟೆಲು ನಡೆಸುತ್ತಿದ್ದರು. ಸುಂದರಿ ಅವರ ತಮ್ಮ ರವಿರಾಜನ ಹೆಂಡತಿ. ಮದುವೆಮನೆಗಳ ಅಡುಗೆ ವಹಿಸಿಕೊಳ್ಳುತ್ತಿದ್ದ ರವಿರಾಜ ಎದೆನೋವು ಬಂದು ಚಿಕ್ಕ ವಯಸ್ಸಿಗೇ ತೀರಿಕೊಂಡ. ಊರಿನಿಂದ ಬಂದ ಹಿರಿಯರು ಇವಳ ಬಳೆ ತೆಗೆಸಿ, ಮುಂದೇನು ಗತಿ ಎಂದು ಒಂದು ಮಾತೂ ಕೇಳದೆ ವಾಪಸು ರೈಲು ಹತ್ತಿದರು. ತನ್ನ ಬರಿಗೈಯನ್ನು ತಾನೇ ನೋಡಲಾರದೆ ಅವಳು ಗಂಡನ ವಾಚು ಕಟ್ಟಿಕೊಂಡಳು. ಅದು ಅವಳ ಸಣ್ಣ ಮಣಿಕಟ್ಟಿನಲ್ಲಿ ನಿಲ್ಲದೆ ಅಂಗೈವರೆಗೆ ಜಾರುತ್ತಿತ್ತು. ಹರಿದಾಸರ ಹೋಟೆಲಿನ ಅಡುಗೆಗೆ ನಿಂತವಳು, ವಾಚು ದೋಸೆ ಹಿಟ್ಟಿಗೆ ಬಿದ್ದೀತೆಂದು ಗರಿಯಾಹಾಟ್ ಫುಟ್‌ಪಾತಿನಿಂದ ಬಾಯಿಬಿಟ್ಟ ಹಿತ್ತಾಳೆ ಕಡಗವೊಂದನ್ನು ತಂದು, ಅಮುಕಿ ಬಿಗಿ ಮಾಡಿ, ವಾಚಿನ ಮುಂದೆ ಹಾಕಿಕೊಂಡಳು. ಕಡಗ ಗಂಡಸರೂ ಹಾಕುತ್ತಾರಲ್ಲ, ಅದಕ್ಕೇ ಯಾರೂ ತುಟಿ ಬಿಚ್ಚಲಿಲ್ಲ.

ಅದು ಐಟಿ ಕಂಪನಿಗಳ ಅಬ್ಬರದ ಕಾಲ. ಸಾಲ್ಟ್ ಲೇಕಿನ ಆಫೀಸುಗಳಲ್ಲಿ ಹೊಸದಾಗಿ ಕೆಲಸ ಸಿಕ್ಕ ಹುಡುಗಿಯರಿಗೆಲ್ಲ ಗಂಡಸರ ದೊಡ್ಡ ವಾಚು ಕಟ್ಟುವ ಹುಚ್ಚು. ಶನಿವಾರ ದೋಸೆಗೆ ಬಂದವರು ಸುಂದರಿಯ ಕೈ ನೋಡಿ ಮರುಳಾದರು. ಅವಳಿಗೂ ಉತ್ಸಾಹ ಬಂತು. ಹಳೆಯ ವಾಚಿಗೆ ಪಟ್ಟಿ ಬದಲಿಸು, ಕೊರಳಿನ ಮಣಿಸರವನ್ನೇ ಮಣಿಕಟ್ಟಿಗೆ ಸುತ್ತು, ಒಂದು ಕಡಗ ಸಾಕು, ಮಿಕ್ಕಿದ್ದು ಪೆಟ್ಟಿಗೆಯಲ್ಲಿರಲಿ ಎನ್ನುತ್ತಿದ್ದಳು. ಗಾಜಿನ ಬಳೆ ತಾಗಿ ವಾಚಿಗೆ ಗೀರು ಬೀಳದಂತೆ ನಡುವೆ ನೂಲು ಸುತ್ತಿದ ಬಳೆ ಇಡುತ್ತಿದ್ದಳು. ಚಿನ್ನದಂಗಡಿಯ ಮೆಟ್ಟಿಲು ಹತ್ತಲಾರದವರ ಕೈಯೂ ಮದುವೆಗೆ ಹೊರಟಂತೆ ಕಾಣುತ್ತಿತ್ತು. ನಮ್ಮ ಕನ್ನಡದ ಹೆಂಗಸರೂ ಒಬ್ಬೊಬ್ಬರಾಗಿ ವಾಚು ಹಿಡಿದು ಅವಳ ಮುಂದೆ ಬಂದು ಕೂತರು.

ಹರಿದಾಸರ ಮಗಳು ಸುರಕ್ಷಾ ಕಾಲ್ ಸೆಂಟರಿನಲ್ಲಿದ್ದಳು. ಅವಳು ಬಸುರಿಯಾದಾಗ ಹಸಿರು ಗಾಜಿನ ಬಳೆ ತೊಡಿಸುವ ಶಾಸ್ತ್ರ ನಿಶ್ಚಯವಾಯಿತು. ಆ ಬಳೆಗಳು ಹೆರಿಗೆಯವರೆಗೂ ಕೈಯಲ್ಲಿರಬೇಕು. ಅವಳ ಆಫೀಸಿನವರಿಗೋ ಬಳೆಯ ಸದ್ದು ಫೋನಿನಲ್ಲಿ ಕೇಳಕೂಡದು. ಸುಂದರಿಯೇ ದಾರಿ ಹುಡುಕಿದಳು. ಗಾಜಿನ ಬಳೆಗಳ ನಡುನಡುವೆ ಹಸಿರು ರೇಷ್ಮೆದಾರ ಸುತ್ತಿದ ಬಳೆ, ಅವು ಜಾರದಂತೆ ಮುಂದೆ ಅಗಲ ಪಟ್ಟಿಯ ವಾಚು. ಅಂಗಡಿ ಅಂಗಡಿ ಅಲೆದವಳು, ಅಳತೆ ನೋಡಿದವಳು, ಕೂತು ದಾರ ಸುತ್ತಿದವಳು ಎಲ್ಲ ಅವಳೇ.

ಶಾಸ್ತ್ರದ ದಿನ ಬೆಳಿಗ್ಗೆ ಸುರಕ್ಷಾಳ ತಾಯಿ ಪಾರ್ವತಿ ಅವಳನ್ನು ಬಾಗಿಲ ಮರೆಗೆ ಕರೆದಳು. ನಾನು ಅಲ್ಲೇ ಹೂ ಕಟ್ಟುತ್ತಿದ್ದೆ.

"ಸುಂದರಿ, ಬೀಗರೆಲ್ಲ ಬರ್ತಾರೆ. ನೀನು ಬಳೆ ಮುಟ್ಟುದು ಬೇಡ. ಒಳಗೆ ಅಡುಗೆ ನೋಡಿಕೋ, ಆಯ್ತಾ?"

"ತಂದದ್ದೇ ನಾನಲ್ವಾ ಅಕ್ಕ?"

"ತರುದು ಬೇರೆ, ತೊಡಿಸುದು ಬೇರೆ. ಅವಳ ಹೊಟ್ಟೆಯಲ್ಲಿ ಮಗು ಉಂಟು, ನಂಗೆ ಹೆದರಿಕೆ ಆಗ್ತದೆ."

ನನಗೆ ತಡೆಯಲಾಗಲಿಲ್ಲ. "ಏನ್ರೀ ಪಾರ್ವತಮ್ಮ, ದಿನಾ ಅವಳು ಬೇಯ್ಸಿದ್ದನ್ನೇ ತಿಂತಾಳಲ್ಲ ನಿಮ್ಮ ಮಗಳು, ಆಗ ಹೊಟ್ಟೇಲಿರೋ ಮಗೂಗೆ ಏನೂ ಆಗಲ್ವೇನ್ರೀ?"

"ನೀವು ಸುಮ್ಮನಿರಿ ಜಾನಕಿಯಮ್ಮ. ಇದು ನಮ್ಮ ಮನೆ ವಿಷಯ."

ಸುಂದರಿ ಒಳಗೆ ಹೋದಳು. ಪಾತ್ರೆಗಳನ್ನು ಕುಕ್ಕಿದ ಸದ್ದು ನಡುಮನೆಯವರೆಗೂ ಕೇಳಿಸಿತು.

ನಡುಮನೆ ತುಂಬ ರೇಷ್ಮೆ ಸೀರೆಗಳು. ಸುರಕ್ಷಾಳನ್ನು ಮಣೆಯ ಮೇಲೆ ಕೂರಿಸಿ ಪಾರ್ವತಿ ಮೊದಲ ಬಳೆ ಎತ್ತಿಕೊಂಡಳು. ಹುಡುಗಿ ಎರಡೂ ಮುಷ್ಟಿ ಬಿಗಿದಳು.

"ಕೈ ಬಿಡು ಮಗಾ."

"ನಹೀ ಅಮ್ಮ. ಚಿಕ್ಕಮ್ಮ ಹಾಕ್ಬೇಕು. ಫಸ್ಟ್ ಅವ್ರೇ."

"ಅಯ್ಯೋ, ವಿಧವೆಯ ಕೈಯಲ್ಲಾ?" ಎಂದು ಹಿಂದಿನಿಂದ ಯಾರೋ ಗೊಣಗಿದರು. ಉಳಿದವರು ತಲೆಯಾಡಿಸಿದರು. ಬೀಗಿತ್ತಿ ಮುಖ ಸಿಂಡರಿಸಿದಳು. ಪಾರ್ವತಿ ಅವಮಾನಕ್ಕೆ ಕೆಂಪಾಗಿ, ಬಿಗಿದ ಮುಷ್ಟಿಯ ಮೇಲೇ ಬಳೆ ಒತ್ತಿದಳು. ಅದು ಚಟ್ಟೆಂದು ಒಡೆಯಿತು.

ಶುಭದ ದಿನ ಬಸುರಿಯ ಬಳೆ ಒಡೆಯಿತು, ಅದೂ ಮುತ್ತೈದೆಯ ಕೈಯಲ್ಲಿ! ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು.

ಪಾರ್ವತಿ ಅಡುಗೆಮನೆಗೆ ಓಡಿದಳು. ನಾನೂ ಹಿಂದೆಯೇ ಹೋದೆ. ಸುಂದರಿ ಸಾರು ಕದಡುತ್ತಿದ್ದಳು.

"ಬಾ ಮಾರಾಯ್ತಿ," ಎಂದು ಪಾರ್ವತಿ ಪಿಸುಗುಟ್ಟಿದಳು.

ಸುಂದರಿ ತಿರುಗಲಿಲ್ಲ. "ಬೇಡ ಅಂದದ್ದು ಬಾಗಿಲ ಮರೆಯಲ್ಲಿ. ಈಗ ಬಾ ಅಂತ ಕರೆಯುದೂ ಗುಟ್ಟಿನಲ್ಲಾ? ಬರುದಿಲ್ಲ. ಕರೆಯುದಾದ್ರೆ ಬೀಗರ ಎದುರು ಕರೀರಿ ಅಕ್ಕ."

ಪಾರ್ವತಿ ನಡುಮನೆಗೆ ಹೋಗಿ ನಿಂತಳು. ತಲೆ ಎತ್ತಲಾಗಲಿಲ್ಲ. ಆದರೂ ಎಲ್ಲರಿಗೂ ಕೇಳುವಂತೆ, "ಸುಂದರಿ, ಬಾ. ನೀನೇ ತೊಡಿಸು," ಎಂದಳು.

ಸುಂದರಿ ಸೆರಗಿಗೆ ಕೈ ಒರೆಸುತ್ತ ಬಂದು ಮಣೆಯ ಎದುರು ಕೂತಳು. ಸುರಕ್ಷಾಳ ಮುಷ್ಟಿ ತಾನಾಗಿ ಬಿಚ್ಚಿತು. ಗಾಜು, ದಾರ, ಮತ್ತೆ ಗಾಜು ಎಂದು ಒಂದೊಂದೇ ಬಳೆ ಏರಿತು. ಕೊನೆಗೆ ವಾಚು ಕಟ್ಟಿದಳು. ಸುರಕ್ಷಾ ಕೈಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿ ನೋಡಿದಳು. ಸದ್ದೇ ಇಲ್ಲ. ಹುಡುಗಿ ನಗುತ್ತಲೇ ಅತ್ತುಬಿಟ್ಟಳು.

ಬಸುರಿಗೆ ತೊಡಿಸಿದ ಮೇಲೆ ನೆರೆದ ಹೆಂಗಸರಿಗೂ ಬಳೆ ತೊಡಿಸುವುದು ವಾಡಿಕೆ. ತಮ್ಮ ತಮ್ಮ ವಾಚು ಮೇಲೆ ಸರಿಸಿಕೊಂಡು, ನಾಚಿಕೆಯಿಲ್ಲದೆ, ಎಲ್ಲರೂ ಸುಂದರಿಯ ಮುಂದೆ ಕೈ ಚಾಚಿದರು. ಬೀಗಿತ್ತಿಯ ಕೈಯೂ ಅವುಗಳ ನಡುವೆ ಇತ್ತು.

ಸುಂದರಿ ಆ ಕೈಗಳನ್ನೆಲ್ಲ ಒಮ್ಮೆ ನೋಡಿದಳು. ಬಳೆಯ ತಟ್ಟೆಯನ್ನು ಅವರತ್ತ ನೂಕಿ ಎದ್ದಳು.

"ನೀವೇ ತೊಟ್ಕೊಳ್ಳಿ. ನಂಗೆ ಒಲೆ ಮೇಲೆ ಸಾರುಂಟು."